ಪೂರ್ವ ಎಡಕ್ಕೆ

ನಮ್ಮ ಮನೆಯಲ್ಲಿ ದಿಕ್ಕಿನ ವಿಚಾರದಲ್ಲಿ ಯಾರೂ ಸೋಲುತ್ತಿರಲಿಲ್ಲ. ಬಿ.ಟಿ.ಎಂ. ಲೇಔಟ್ ಆಗುವ ಮೊದಲು ಅಲ್ಲೆಲ್ಲ ಇದ್ದದ್ದು ನಮ್ಮಂಥವರ ರಾಗಿ ಹೊಲ, ಸೊಪ್ಪಿನ ಮಡಿ. ಹೊಲ ಹೋಗಿ ಸೈಟ್ ಬಂತು, ಅಪ್ಪ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟ. ಆದರೆ ಅಪ್ಪನ ಮಾತು ಮಾತ್ರ ಹೊಲದ್ದೇ ಉಳಿಯಿತು. ಕನ್ನಡಕ ಎಲ್ಲಿ ಅಂತ ಅಮ್ಮ ಕೇಳಿದರೆ "ಟಿ.ವಿ.ಗೆ ಮೂಡಗಡೆ ಇದೆ ನೋಡೇ" ಅನ್ನುವ ಮನುಷ್ಯ. ಎಡ, ಬಲ ಅನ್ನುವುದೆಲ್ಲ ಅವನ ಪ್ರಕಾರ ಬಸ್ ಕಂಡಕ್ಟರುಗಳ ಭಾಷೆ. ನನಗೂ ಅದೇ ಜಂಬ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪೂರ್ವ ಯಾವುದು ಎಂದು ಬೆರಳು ತೋರಿಸುತ್ತಿದ್ದೆ. ಆ ಜಂಬವೇ ಒಂದು ಬೇಸಿಗೆಯಲ್ಲಿ ನನ್ನ ಮುಖಕ್ಕೆ ಮಸಿ ಬಳಿಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಎರಡನೇ ಪಿಯುಸಿಯಲ್ಲಿ ಫಿಸಿಕ್ಸ್ ನನಗೆ ಎರಡು ಸಲ ಕೈಕೊಟ್ಟಿತ್ತು. ಜೊತೆಯವರೆಲ್ಲ ಡಿಗ್ರಿ ಸೇರಿದ್ದರು. ನಾನು ವಾರಕ್ಕೆ ಮೂರು ದಿನ ಜಯನಗರ ಫೋರ್ತ್ ಬ್ಲಾಕಿನ ಟ್ಯುಟೋರಿಯಲ್ಲಿಗೆ ಹೋಗಿ, ಅರ್ಥವಾಗದ್ದನ್ನೆಲ್ಲ ನೀಟಾಗಿ ಬರೆದುಕೊಂಡು, ಕಾಂಪ್ಲೆಕ್ಸಿನಲ್ಲಿ ಚುರುಮುರಿ ತಿಂದು ವಾಪಸು ಬರುತ್ತಿದ್ದೆ. ಯಾರಾದರೂ "ಏನ್ ಓದ್ತಿದ್ದೀಯಮ್ಮಾ?" ಅಂದರೆ ಮೈಯೆಲ್ಲ ಉರಿದುಹೋಗುತ್ತಿತ್ತು. ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ.

ಮಹಡಿಯ ರೂಮಿಗೆ ಅಕ್ಕ ಬಾಡಿಗೆಗೆ ಬಂದದ್ದು ಆಗ. ಬಿಜಾಪುರದ ಕಡೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಹಾಗಾಗಿ ನನಗೆ ಅಕ್ಕ. ಖಗೋಳ ವಿಜ್ಞಾನದ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಎರಡು ಸೂಟ್‌ಕೇಸು, ಒಂದು ಗಂಟು ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ತಂದಿದ್ದರು. ಒಂಟಿ ಹುಡುಗಿಗೆ ರೂಮು ಕೊಡಲು ಅಮ್ಮನಿಗೆ ಅಷ್ಟು ಮನಸ್ಸಿರಲಿಲ್ಲ. ಹಾಗಾಗಿ ಮೊದಲ ದಿನವೇ ವಿಚಾರಣೆ ಶುರು ಮಾಡಿದಳು.

"ಅದೇನಮ್ಮ ನೀವು ಓದೋದು?"

"ಗ್ಯಾಲಕ್ಸಿ ರೀ ಆಂಟಿ. ನಮ್ಮ ಸೂರ್ಯನಂಥಾ ನಕ್ಷತ್ರ ಕೋಟಿಗಟ್ಲೆ ಕೂಡಿದ್ರ ಒಂದು ಗ್ಯಾಲಕ್ಸಿ. ಅಂಥಾ ಗ್ಯಾಲಕ್ಸಿ ಸಾವಿರಗಟ್ಲೆ ಒಂದ ಕಡೆ ಕೂಡಿದ್ರ ಅದಕ್ಕ ಗುಚ್ಛ ಅಂತಾರ. ಕೃಷ್ಣವೇಣಿ ಅನ್ನೋ ನಕ್ಷತ್ರಪುಂಜದ ದಿಕ್ಕಿನ್ಯಾಗ ಅಂಥಾದೊಂದು ಭಾರೀ ಗುಚ್ಛ ಐತ್ರಿ. ಅದರ ಆಜೂಬಾಜೂ ಸಣ್ಣ ಸಣ್ಣ ಗುಂಪು ಇರ್ತಾವ, ನಾಕು, ಐದು, ಹತ್ತು ಗ್ಯಾಲಕ್ಸಿವು. ಆ ಗುಂಪಿನ ಮ್ಯಾಲ ನನ್ನ ಕೆಲಸ."

"ಅಷ್ಟ್ ದೊಡ್ಡದು ಇರುವಾಗ ಚಿಕ್ಕದ್ಯಾಕಮ್ಮ ಹಿಡ್ಕೊಂಡ್ರಿ?"

"ದೊಡ್ಡದನ್ನ ಎಲ್ಲಾರೂ ನೋಡ್ತಾರ್ರಿ."

ಅಮ್ಮನಿಗೆ ಆ ಉತ್ತರ ಹಿಡಿಸಿಬಿಟ್ಟಿತು. ಆವತ್ತಿನಿಂದ ಅಕ್ಕ ಗೇಟು ದಾಟುವಾಗಲೆಲ್ಲ "ಏನಮ್ಮ, ಕೃಷ್ಣವೇಣಿ ಹೆಂಗಿದ್ದಾಳೆ?" ಎಂದು ಯಾರೋ ನಾದಿನಿಯ ಆರೋಗ್ಯ ವಿಚಾರಿಸುವ ಹಾಗೆ ಕೇಳುತ್ತಿದ್ದಳು. "ಆರಾಮ ಅದಾಳ್ರಿ" ಎಂದು ಅಕ್ಕನೂ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದರು. ರಾತ್ರಿಯೆಲ್ಲ ಟೆರೇಸಿನ ಮೇಲೆ ದುರ್ಬೀನು ಇಟ್ಟುಕೊಂಡು ಓಡಾಡುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಅವರು ನೋಡಿದರೆ ಒಂಬತ್ತೂವರೆಗೆ ಲೈಟ್ ಆರಿಸಿ ಮಲಗಿಬಿಡುವವರು. ಆಕಾಶದ ಕೆಲಸವೆಲ್ಲ ಹಗಲಲ್ಲಿ, ಕಾಗದದ ಮೇಲೆ.

ಆ ಕೆಲಸಕ್ಕೆ ನಾನು ಸಿಕ್ಕಿಹಾಕಿಕೊಂಡದ್ದು ರಂಗೋಲಿಯಿಂದ. ಒಂದು ಬೆಳಗ್ಗೆ ನಾನು ಬಾಗಿಲ ಮುಂದೆ ಇಪ್ಪತ್ತೊಂದು ಚುಕ್ಕಿಯದು ಇಡುತ್ತಿದ್ದೆ. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತವರು ನಿಂತೇ ಇದ್ದರು.

"ಸ್ಕೇಲ್ ಇಲ್ದ ಹೆಂಗ ಇಷ್ಟ ಸಮ ಇಡ್ತಿ? ನನಗ ನಿನ್ನ ಕೈ ಬೇಕವಾ. ಸಂಜೀಕ ಮ್ಯಾಲ ಬಾ."

ಮೇಲೆ ಹೋದರೆ ಟೇಬಲ್ಲಿನ ತುಂಬ ಆಕಾಶದ ಫೋಟೊ. ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕಿ, ಅಕ್ಕಿಯಲ್ಲಿ ಸಾಸಿವೆ ಚೆಲ್ಲಿದಂತೆ. ಪಕ್ಕದಲ್ಲಿ ಉದ್ದುದ್ದ ಪಟ್ಟಿಗಳು: ಯಾವ ಗ್ಯಾಲಕ್ಸಿ ಎಲ್ಲಿದೆ, ಎಷ್ಟು ವೇಗವಾಗಿ ನಮ್ಮಿಂದ ದೂರ ಹೋಗುತ್ತಿದೆ. ಪಟ್ಟಿಯಲ್ಲಿರುವುದನ್ನು ಫೋಟೊದಲ್ಲಿ ಹುಡುಕಿ, ಮೇಲೆ ಹಾಸಿದ ಟ್ರೇಸಿಂಗ್ ಪೇಪರಿನಲ್ಲಿ ಚುಕ್ಕಿ ಇಟ್ಟು, ಪಕ್ಕದಲ್ಲಿ ಅದರ ವೇಗ ಬರೆಯಬೇಕು. ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತಿರಲಿಲ್ಲವೇ ಎಂದರೆ ಮಾಡುತ್ತಿತ್ತು. ಆದರೆ ಅಕ್ಕನ ಗೈಡಿಗೆ, ಅಂದರೆ ಅವರ ಪಿಎಚ್.ಡಿ. ಮೇಷ್ಟ್ರಿಗೆ, ಕಣ್ಣಲ್ಲಿ ನೋಡದ್ದನ್ನು ನಂಬುವ ಅಭ್ಯಾಸವಿರಲಿಲ್ಲ. ಹಳೆಯ ಪಟ್ಟಿಗಳಲ್ಲಿ ಎಡವಟ್ಟುಗಳಿರುತ್ತವೆ, ಒಂದೊಂದನ್ನೂ ಕೈಯಿಂದ ಗುರುತು ಹಾಕಿ ತಾಳೆ ನೋಡಿ ಎನ್ನುತ್ತಿದ್ದರಂತೆ.

"ವೇಗ ಯಾಕೆ ಬೇಕು?" ಅಂತ ಕೇಳಿದೆ.

ಅಕ್ಕ ನನ್ನನ್ನು ಬಾಗಿಲಾಚೆ ಟೆರೇಸಿಗೆ ಕರೆದುಕೊಂಡು ಹೋದರು. ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕು, ಅದರ ತಲೆಯ ಮೇಲೇ ನೆಟ್ಟ ಹಾಗೆ ಒಂದು ಟೆಲಿಫೋನ್ ಟವರು ಕಾಣುತ್ತಿತ್ತು.

"ಟವರು ಆ ಮನೀ ಮ್ಯಾಲ ಐತೇನು?"

"ಅಯ್ಯೋ, ಅದು ಜಯನಗರದಲ್ಲಿದೆ ಅಕ್ಕ."

"ಕಣ್ಣಿಗೆ ಮಾತ್ರ ಬಾಜೂಕ ಐತಿ. ಗ್ಯಾಲಕ್ಸೀನೂ ಹಂಗ. ವೇಗ ಜಾಸ್ತಿ ಇದ್ರ ಅದು ಭಾಳ ಹಿಂದ ಐತಿ ಅಂತ ತಿಳೀಬೇಕು. ಜಾಗಾನೂ ಹತ್ರ ಇರಬೇಕು, ವೇಗಾನೂ ಹೊಂದಬೇಕು, ಅಂದ್ರ ಅವೆರಡೂ ಗೆಳೆಯರು. ಗೆಳೆಯನ ಗೆಳೆಯ ಬಂದ್ರ ಅವನೂ ಅದೇ ಗುಂಪು."

ನಮ್ಮ ಕಡೆ ಮದುವೆಗೆ ಕರೆಯುವುದೂ ಹೀಗೇ, ಇದರಲ್ಲೇನು ಮಹಾ ಎಂದುಕೊಂಡೆ. ಆದರೆ ಎರಡು ವರ್ಷದಿಂದ ಟ್ಯುಟೋರಿಯಲ್ಲಿನವರು ತಿಣುಕಿದರೂ ಆಗದ್ದು ಒಂದು ನೀರಿನ ಟ್ಯಾಂಕಿನಿಂದ ಆಗಿತ್ತು. ಫಿಸಿಕ್ಸಿನಲ್ಲಿ ಏನೋ ಒಂದು ನನಗೆ ಅರ್ಥವಾಗಿತ್ತು. ಆ ಸಂತೋಷಕ್ಕೆ ಆವತ್ತು ಅವರ ರೂಮಿನಲ್ಲೇ ಎರಡು ರೊಟ್ಟಿ ಬಾರಿಸಿ ಕೆಳಗಿಳಿದೆ.

ಮಾಘದಿಂದ ಯುಗಾದಿವರೆಗೆ ದಿನಾ ಸಂಜೆ ಅದೇ ಕೆಲಸ. ಪಟ್ಟಿಯಲ್ಲಿ ಅಲ್ಲಲ್ಲಿ ಜೋಡಿ ಗ್ಯಾಲಕ್ಸಿಗಳಿದ್ದವು, ಒಂದಕ್ಕೊಂದು ಅಂಟಿಕೊಂಡ ಹಾಗೆ. ಅವಕ್ಕೆ "ಜೋಡಿಯಲ್ಲಿ ಪೂರ್ವದ್ದರ ವೇಗ ಇಷ್ಟು, ಪಶ್ಚಿಮದ್ದರದು ಇಷ್ಟು" ಎಂದು, ದಿಕ್ಕಿಗೆ ಇಂಗ್ಲಿಷಿನ ಒಂದೊಂದೇ ಅಕ್ಷರ ಹಾಕಿದ ಟಿಪ್ಪಣಿ ಇರುತ್ತಿತ್ತು. ಜೋಡಿಗಳನ್ನೆಲ್ಲ ಅಕ್ಕ ನನಗೇ ಬಿಟ್ಟಿದ್ದರು. ದಿಕ್ಕು ತಾನೇ? ನಾನು ಯಾರನ್ನೂ ಕೇಳಲಿಲ್ಲ. ಹಾಳೆಯ ಮೇಲ್ಗಡೆ ಉತ್ತರ ಅಂತ ಬರೆದಿತ್ತು. ಉತ್ತರ ಮೇಲಿದ್ದರೆ ಪೂರ್ವ ಬಲಕ್ಕೆ. ಅಪ್ಪನ ಟ್ರಂಕಿನಲ್ಲಿದ್ದ ಹೊಲದ ನಕ್ಷೆಯಲ್ಲೂ ಹಾಗೇ, ಲೇಔಟಿನ ನಕ್ಷೆಯಲ್ಲೂ ಹಾಗೇ.

ಯುಗಾದಿ ಹೊತ್ತಿಗೆ ಅಕ್ಕನಿಗೆ ಒಂದು ಗುಂಪು ಸಿಕ್ಕಿತು. ನಾಲ್ಕು ಚಿಕ್ಕವು, ನಡುವೆ ಒಂದು ದೊಡ್ಡ ಗ್ಯಾಲಕ್ಸಿ. ಆ ದೊಡ್ಡದಕ್ಕೆ ನಾವಿಬ್ಬರೂ ಯಜಮಾನ ಎಂದು ಹೆಸರಿಟ್ಟಿದ್ದೆವು. ದೊಡ್ಡ ಗುಚ್ಛ ಸುತ್ತಲಿನ ಗುಂಪುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವಾಗ ಸಾಮಾನ್ಯವಾಗಿ ಚಿಕ್ಕ ಗುಂಪು ಚೆದುರಿಹೋಗುತ್ತದೆ. ಆದರೆ ಇದರಲ್ಲಿ ಯಜಮಾನನ ತೂಕ ಇದ್ದದ್ದರಿಂದ ಒಳಗೆ ಬೀಳುತ್ತಿದ್ದರೂ ಗುಂಪು ಗುಂಪಾಗೇ ನಿಂತಿದೆ. ಇದು ಅಕ್ಕನ ಲೆಕ್ಕಾಚಾರ. ಅವರ ಗೈಡ್ ಮೊದಲ ಸಲ ಅವರನ್ನು ಕೂರಿಸಿ ಕಾಫಿ ಕುಡಿಸಿದರಂತೆ.

ಇದು ಬರೀ ಕಾಫಿಯ ವಿಷಯವಾಗಿರಲಿಲ್ಲ. ಅಕ್ಕನ ಫೆಲೋಶಿಪ್ ಜೂನಿಗೆ ಮುಗಿಯುತ್ತಿತ್ತು. ಮೇ ತಿಂಗಳಲ್ಲಿ ಸೆಮಿನಾರು. ಅಲ್ಲಿ ಕಮಿಟಿಯವರಿಗೆ ಕೆಲಸ ಹಿಡಿಸಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ. ಊರಲ್ಲಿ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಕಾದಿದೆ, ಸಾಕು ಬಂದುಬಿಡು ಎಂದು ಮನೆಯಿಂದ ಕಾಗದದ ಮೇಲೆ ಕಾಗದ. ಯಜಮಾನ ಸಿಕ್ಕ ಮೇಲೆ ಅಕ್ಕ ಆ ಕಾಗದಗಳಿಗೆ ಉತ್ತರ ಬರೆಯುವುದನ್ನೇ ನಿಲ್ಲಿಸಿದ್ದರು. ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ಅವರು ಹೋದರೆ ನಾನು ಮತ್ತೆ ಪಿಯುಸಿ ಫೇಲಾದ ಹುಡುಗಿ, ಅಷ್ಟೇ.

ಸೆಮಿನಾರಿಗೆ ಎಂಟು ದಿನ ಇತ್ತು. ಅಮ್ಮ ಟೆರೇಸಿನ ಮೇಲೆ ಹಪ್ಪಳ ಒಣಹಾಕಿ ಸಂಜೆ ಎತ್ತಿದ್ದಳು. ಒಂಬತ್ತರ ಸುಮಾರಿಗೆ ಕರೆಂಟು ಹೋಯಿತು. ಲೇಔಟಿಗೆ ಲೇಔಟೇ ಕತ್ತಲು. ಅಕ್ಕ ಒಳ್ಳೆಯ ಹುರುಪಿನಲ್ಲಿದ್ದರು.

"ಬಾ, ಇವತ್ತು ನಿನಗ ಕೃಷ್ಣವೇಣಿ ತೋರಸ್ತೀನಿ. ನೆತ್ತಿ ಮ್ಯಾಲ ಬಂದಾಳ. ಗ್ಯಾಲಕ್ಸಿ ಬರೀಗಣ್ಣಿಗೆ ಕಾಣೂದಿಲ್ಲ, ಜಾಗಾ ಆದ್ರೂ ನೋಡು."

ಬಿಸಿಲಿಗೆ ಕಾದ ನೆಲದ ಮೇಲೆ ಚಾಪೆ ಹಾಸಿ, ಉತ್ತರಕ್ಕೆ ತಲೆಯಿಟ್ಟು ಇಬ್ಬರೂ ಅಂಗಾತ ಮಲಗಿದೆವು. ಉತ್ತರಕ್ಕೆ ತಲೆ ಹಾಕಬಾರದು ಅಂತ, ನಮ್ಮ ಮಾತು ಕೇಳಿಸಿಕೊಂಡ ಅಮ್ಮ ಕೆಳಗಿಂದಲೇ ಕೂಗಿದಳು. ಅಕ್ಕ ಬ್ಯಾಟರಿ ಹಿಡಿದು, ಆಕಾಶದ ನಕ್ಷೆಯೊಂದನ್ನು ನಮ್ಮಿಬ್ಬರ ಮುಖದ ಮೇಲೆ ಚಾಚಿದರು.

"ಇದನ್ನ ಹಿಂಗ ತಲೀ ಮ್ಯಾಲ ಹಿಡದು ನೋಡಬೇಕು. ಈಗ ಉತ್ತರ ಎಲ್ಲೈತಿ? ತಲೀ ಕಡೆ. ಪೂರ್ವ? ಎಡಗೈ ಕಡೆ. ಅದಕ್ಕ ನೋಡು, ಆಕಾಶದ ನಕ್ಷಾದಾಗ, ಫೋಟೊದಾಗ ಪೂರ್ವ ಯಾವತ್ತೂ ಎಡಕ್ಕ ಇರ್ತದ."

ನನ್ನ ಎಡಗೈ ಬಿದ್ದಿದ್ದ ಕಡೆಗೆ ನೋಡಿದೆ. ಅಲ್ಲಿ ಮಡಿವಾಳದ ರಸ್ತೆ. ನಿಜವಾದ ಪೂರ್ವ. ಫೋಟೊ ಹಾಳೆಗಳಲ್ಲಿ ನಾನು ಪೂರ್ವ ಅಂದುಕೊಂಡು ವೇಗ ಬರೆದಿದ್ದೆಲ್ಲ ಜಯನಗರದ ಕಡೆಗಿತ್ತು. ಯಜಮಾನನೂ ಒಂದು ಜೋಡಿಯಲ್ಲಿದ್ದವನೇ. ಅವನ ಪಕ್ಕದಲ್ಲಿ ಒಂದು ಸಣ್ಣ ಗ್ಯಾಲಕ್ಸಿ ಇತ್ತು. ಅದರ ವೇಗ ಬೇರೆ, ಅದು ಎಲ್ಲೋ ಹಿಂದಿನದು ಎಂದು ಬಿಟ್ಟಿದ್ದೆವು. ಎರಡರ ವೇಗ ಅದಲು ಬದಲಾಗಿತ್ತು. ಹಿಂದಿರುವುದು ಯಜಮಾನ. ಚಿಕ್ಕದೇ ಗುಂಪಿನದು.

ಅಷ್ಟರಲ್ಲಿ ಅಪ್ಪ ಮೇಣದಬತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಏನ್ ಮೇಡಮ್ಮಾ, ಬೆಳಿಗ್ಗೆ ಅವಳು ಹಪ್ಪಳ ಒಣಗಾಕಿದ್ಲು, ಈಗ ನೀವಿಬ್ರು ಒಣಗ್ತಿದ್ದೀರಾ?"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿಂದ ಅಮ್ಮನೂ ನಕ್ಕಳು. ನಾನು ನಕ್ಷೆಯ ಎಡಗಡೆಯನ್ನೇ ನೋಡುತ್ತಿದ್ದೆ.

ಹೇಳಲಿಲ್ಲ. ಆವತ್ತು ಹೇಳಲಿಲ್ಲ, ಮಾರನೆಯ ದಿನವೂ ಇಲ್ಲ. ಅಕ್ಕ ಸೆಮಿನಾರಿನ ಪಾರದರ್ಶಕ ಹಾಳೆಗಳ ಮೇಲೆ ಬಣ್ಣದ ಪೆನ್ನಿನಲ್ಲಿ ಯಜಮಾನನ ಸುತ್ತ ವೃತ್ತ ಎಳೆಯುತ್ತಿದ್ದರು. ನಾನು ತಲೆನೋವು ಅಂತ ಕೆಳಗೇ ಕೂತೆ. ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಮನಸ್ಸು. ಗೊತ್ತಾದರೆ, ಫೇಲಾದವಳ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಅಂತಾರೆ ಎಂದು ಇನ್ನೊಂದು. ಮೂರನೇ ದಿನ ಬೆಳಗ್ಗೆ ತಟ್ಟೆಯಲ್ಲಿ ಮುದ್ದೆ ಹಾಗೇ ಬಿಟ್ಟು ಎದ್ದೆ. ಅಪ್ಪ ಹಿಂದೆಯೇ ಹಿತ್ತಲಿಗೆ ಬಂದ. ಅವನ ಮುಂದೆ ಎಲ್ಲ ಒದರಿದೆ. ಗ್ಯಾಲಕ್ಸಿ, ಗುಚ್ಛ ಅವನಿಗೆಷ್ಟು ತಿಳಿಯಿತೋ ಗೊತ್ತಿಲ್ಲ. ದಿಕ್ಕು ತಪ್ಪಿದೆ ಅನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು.

"ಮೂಡಲನ್ನ ಪಡುವಲು ಅಂತ ಬರ್ದಿದ್ದೀಯಾ?"

"ಹೂಂ."

"ಆಯಮ್ಮ ಅದನ್ನ ನಾಕು ಜನದ ಮುಂದೆ ಇಡ್ತಾಳಾ?"

"ಹೂಂ ಅಪ್ಪ."

"ಮತ್ತೆ ಇಲ್ಲಿ ನಿಂತ್ಕೊಂಡು ನನ್ನತ್ರ ಏನ್ ಹೇಳ್ತಿದ್ದೀಯ? ನಡಿ ಮೇಲಕ್ಕೆ."

ನಲ್ಲಿಯಲ್ಲಿ ಕಾವೇರಿ ನೀರು ಬಿಟ್ಟಿದ್ದರು, ಅಕ್ಕ ಬಿಂದಿಗೆ ತುಂಬಿಸುತ್ತಿದ್ದರು. ನಾನು ನಿಂತಲ್ಲೇ ಹೇಳಿದೆ. ಬಿಂದಿಗೆ ತುಂಬಿ ನೀರು ಹೊರಗೆ ಹರಿಯುತ್ತಾ ಇತ್ತು, ಅವರು ನಲ್ಲಿ ನಿಲ್ಲಿಸಲೇ ಇಲ್ಲ. ಆಮೇಲೆ ಒಳಗೆ ಹೋಗಿ ಟ್ರೇಸಿಂಗ್ ಪೇಪರು, ಪಟ್ಟಿ ತೆಗೆದು ಯಜಮಾನನ ಜೋಡಿಯನ್ನು ನೋಡಿದರು.

"ಯಾವಾಗ ಗೊತ್ತಾತು ನಿನಗ?"

"ಹಪ್ಪಳದ ದಿನ."

"ಮೂರು ದಿನ ಆತು!"

ನಾನು ಅಳಲು ಶುರು ಮಾಡಿದೆ.

"ಅಳಬ್ಯಾಡ. ಸಿಟ್ಟು ಬಂದಿಲ್ಲ ಅನ್ಕೋಬ್ಯಾಡ, ಭಾಳ ಸಿಟ್ಟು ಬಂದೈತಿ. ನಿನ್ನ ಮ್ಯಾಲೂ, ನನ್ನ ಮ್ಯಾಲೂ. ಮೊದಲನೇ ದಿನಾನ ನಾ ನಿನಗ ಹೇಳಬೇಕಿತ್ತು, ಹೇಳಲಿಲ್ಲ. ಬೈಯೂದು ಸೆಮಿನಾರ್ ಮುಗದ ಮ್ಯಾಲ. ಈಗ ಕೂಡು."

ಮೂರು ದಿನ ಕೂತೆವು. ನಲವತ್ತು ಚಿಲ್ಲರೆ ಜೋಡಿ, ಒಂದೊಂದೇ. ನಾನು ರಬ್ಬರ್ ತೆಗೆದರೆ ಅಕ್ಕ ಕೈ ಹಿಡಿದರು. ಅಳಿಸಬಾರದು, ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಮೊದಲು ಏನಿತ್ತು ಅಂತ ಕಾಣಬೇಕು. ಹೆಚ್ಚಿನ ಕಡೆ ಏನೂ ಬದಲಾಗಲಿಲ್ಲ, ಜೋಡಿಯ ಎರಡರದ್ದೂ ಹೆಚ್ಚು ಕಡಿಮೆ ಅದೇ ವೇಗ. ನಮ್ಮ ಗುಂಪಿನಲ್ಲಿ ಮಾತ್ರ ಯಜಮಾನ ಹೊರಗೆ ಹೋದ, ಅವನ ಜಾಗಕ್ಕೆ ಪಕ್ಕದ ಸಣ್ಣದು ಬಂತು. ಐದೂ ಚಿಕ್ಕವೇ. ತೂಕವಿಲ್ಲ. ಗುಂಪು ಗುಂಪಾಗಿ ಉಳಿಯುತ್ತದೆ ಅನ್ನಲು ಆಧಾರವಿಲ್ಲ. ಹೊಸ ಪಾರದರ್ಶಕ ಹಾಳೆ ತರಲು ನಾನೇ ಫೋರ್ತ್ ಬ್ಲಾಕಿಗೆ ಓಡಿದೆ, ಬಸ್ಸಿಗೂ ಕಾಯದೆ ನಡೆದೇ ಹೋದೆ.

ಸೆಮಿನಾರಿಗೆ ಅಕ್ಕ ನನ್ನನ್ನೂ ಎಳೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ, ಇದ್ದ ಒಂದೇ ಒಳ್ಳೆಯ ಚೂಡಿದಾರ್ ಹಾಕಿಕೊಂಡು ಕೂತಿದ್ದೆ. ಅಕ್ಕ ಎಲ್ಲ ಹೇಳಿ, ಕೊನೆಗೆ ಯಜಮಾನನ ಹಳೆಯ ಹಾಳೆಯನ್ನೂ ತೋರಿಸಿದರು. ಇದು ತಪ್ಪು, ಇದು ಸರಿ ಎಂದರು. ಮುಂದಿನ ಸಾಲಿನ ಹಿರಿಯರೊಬ್ಬರು ತಪ್ಪು ಹಿಡಿದದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿ, ಇವರು, ನನ್ನ ಜೊತೆ ಕೆಲಸ ಮಾಡುವವರು ಎಂದರು. ತಪ್ಪು ಮಾಡಿದ್ದು ಯಾರು ಅಂತ ಹೇಳಲೇ ಇಲ್ಲ. ಹಿರಿಯರು ನನ್ನ ಕಡೆ ತಿರುಗಿ, ಈಗ ಕನ್ನಡದಲ್ಲಿ, "ಹೇಗಮ್ಮಾ ಗೊತ್ತಾಯ್ತು?" ಅಂದರು.

"ಟೆರೇಸ್ ಮೇಲೆ ಮಲ್ಕೊಂಡಿದ್ದೆ ಸಾರ್" ಅಂದೆ. ಹಾಲಿಗೆ ಹಾಲೇ ನಕ್ಕಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಕಮಿಟಿ ಒಂದು ವರ್ಷ ಕೊಡಲಿಲ್ಲ. ಆರು ತಿಂಗಳು ಕೊಟ್ಟಿತು, ಇದ್ದದ್ದನ್ನು ಬರೆದು ಮುಗಿಸಲಿ ಅಂತ. ಅಕ್ಕ ಬರೆದು ಮುಗಿಸಿದರು. ಪದವಿ ಬಂತು, ದೊಡ್ಡ ಸುದ್ದಿ ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ ರೂಮು ಖಾಲಿ ಮಾಡಿ ಊರಿನ ಕಾಲೇಜು ಸೇರಿದರು. ಬಸ್ ಹತ್ತಿಸಲು ಅಪ್ಪ, ಅಮ್ಮ, ನಾನು ಮೂವರೂ ಹೋಗಿದ್ದೆವು. ಅಮ್ಮ ಹಪ್ಪಳ ಕಟ್ಟಿಕೊಟ್ಟಳು. ಬೈಯುವುದನ್ನು ಅಕ್ಕ ಮರೆತೇಬಿಟ್ಟಿದ್ದರು, ನಾನೂ ನೆನಪಿಸಲಿಲ್ಲ. ಮೂರನೇ ಸಲಕ್ಕೆ ನಾನು ಫಿಸಿಕ್ಸ್ ಪಾಸಾದೆ, ಡ್ರಾಫ್ಟಿಂಗ್ ಕಲಿತೆ. ಜೆ.ಪಿ. ನಗರದ ಒಬ್ಬ ಇಂಜಿನಿಯರ್ ಆಫೀಸಿನಲ್ಲಿ ಮನೆಗಳ ಪ್ಲಾನ್ ಬರೆಯಲು ಸೇರಿದೆ. ಇವತ್ತಿಗೂ ಹಾಳೆ ಹಾಸಿದ ತಕ್ಷಣ ನಾನು ಮೊದಲು ಹಾಕುವುದು ದಿಕ್ಕಿನ ಬಾಣ. ಆಫೀಸಿನಲ್ಲಿ ಇದಕ್ಕೆ ನನ್ನನ್ನು ರೇಗಿಸುತ್ತಾರೆ.

ಆದರೆ ಒಳಗೊಂದು ಮುಳ್ಳು ಉಳಿದಿತ್ತು. ನಾನು ದಿಕ್ಕು ಕೇಳಿಕೊಂಡಿದ್ದರೆ ಅಕ್ಕ ಆ ತಿಂಗಳುಗಳನ್ನು ಬೇರೆ ಯಾವುದೋ ಒಳ್ಳೆಯ ಗುಂಪಿನ ಮೇಲೆ ಹಾಕುತ್ತಿದ್ದರು. ನನ್ನಿಂದ ಅವರ ವರ್ಷ ಹೋಯಿತು.

ಏಳೆಂಟು ವರ್ಷದ ಮೇಲೆ ಯಾವುದೋ ತರಬೇತಿಗೆ ಬೆಂಗಳೂರಿಗೆ ಬಂದವರು ಮನೆಗೆ ಬಂದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಮನೆ ಈಗ ಮೂರು ಮಹಡಿ, ಅವರ ರೂಮಿದ್ದ ಜಾಗದಲ್ಲಿ ಪಿ.ಜಿ.ಯ ಮಂಚಗಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಗೋಡೆಯ ಮೇಲಿನ ಫೋಟೊ ಮುಂದೆ ಅಕ್ಕ ಬಹಳ ಹೊತ್ತು ನಿಂತರು. ಕಾಫಿಯಾದ ಮೇಲೆ "ಟೆರೇಸಿಗೆ ಹೋಗೂಣ?" ಅಂದರು. ಸಂಜೆಯ ಹೊತ್ತು. ಸುತ್ತ ಅಪಾರ್ಟ್‌ಮೆಂಟು ಎದ್ದು ಟವರು ಕಾಣುತ್ತಲೇ ಇರಲಿಲ್ಲ. ಚಾಪೆ ಹಾಸಿ, ಇಬ್ಬರೂ ಮತ್ತೆ ಅಂಗಾತ ಮಲಗಿದೆವು, ಉತ್ತರಕ್ಕೆ ತಲೆ.

"ಅಕ್ಕ, ಒಂದ್ ಮಾತು. ನಿಮ್ ಯಜಮಾನನ್ನ ನಾನೇ ಕಳೆದೆ ಅಂತ ನಂಗೆ ಇವತ್ತಿಗೂ ಸಂಕಟ ಆಗುತ್ತೆ."

ಅವರು ತಿರುಗಿ ನನ್ನ ಮುಖ ನೋಡಿದರು.

"ಏ ಹುಚ್ಚಿ, ಅದು ಅಲ್ಲಿ ಯಾವತ್ತೂ ಇರಲೇ ಇಲ್ಲ. ಇಲ್ಲದ್ದನ್ನ ಹೆಂಗ ಕಳೀತಿ?" ಮತ್ತೆ ಆಕಾಶದ ಕಡೆ ತಿರುಗಿ ಹೇಳಿದರು: "ನೀ ಅವತ್ತು ಬಂದು ಹೇಳದ ಇದ್ದಿದ್ರ, ನಾ ನಿನ್ನ ಕಳಕೊಂತಿದ್ದೆ. ನೀ ಅಂತೂ ಖರೇನ ಇದ್ದಿ."

ಮೆಟ್ಟಿಲ ಕಡೆಯಿಂದ ಯಾರೂ ಮೇಣದಬತ್ತಿ ಹಿಡಿದು ಬರುವವರಿರಲಿಲ್ಲ. ಅಕ್ಕನಿಗೂ ಅದೇ ನೆನಪಾಗಿರಬೇಕು. ಗಂಟಲು ದಪ್ಪ ಮಾಡಿ, ನಮ್ಮ ಕಡೆಯ ಮಾತನ್ನು ತಮ್ಮ ಬಿಜಾಪುರದ ರಾಗದಲ್ಲಿ ಎಳೆದರು:

"ಏನ್ ಮೇಡಮ್ಮಾ, ಹಪ್ಪಳ ಒಣಗಾಕಿದ್ದೀರಾ?"

ನಗಲು ಹೋಗಿ ಅತ್ತುಬಿಟ್ಟೆ. ಅಕ್ಕ ನನ್ನ ಪೂರ್ವಕ್ಕೆ ಮಲಗಿದ್ದರು. ಎಡಗೈ ಚಾಚಿ ಅವರ ಕೈ ಹಿಡಿದುಕೊಂಡೆ.